ಪಥ್ಯವೂ ಆತ್ಮನಿಂದೆಯೂ

ಮೈತೂಕವನ್ನು ಇಳಿಸಲೆಂದು ಪಥ್ಯ ಹಿಡಿದವರಿಗೆ ನಾಲಗೆಯ ಚಾಪಲ್ಯವೇ ಪರಮಶತ್ರುವೆಂದು ಸಾಮಾನ್ಯವಾಗಿ ಎಲ್ಲರೂ ತಿಳಿದಿರುತ್ತಾರೆ. ಆದರೆ ಒಮ್ಮೆ ಪಥ್ಯ ಕೆಟ್ಟೊಡನೆ "ನನ್ನಿಂದ ಏನೂ ಆಗದು, ನನ್ನಲ್ಲಿ ಸಂಯಮವೆಂಬುದೇ ಇಲ್ಲ" ಎಂದು ಮನುಷ್ಯನು ತನ್ನೊಳಗೇ ಆಡಿಕೊಳ್ಳುವ ಮಾತು, ತಿಂದ ಹೋಳಿಗೆಗಿಂತ ಹೆಚ್ಚಿನ ಕೇಡನ್ನು ಮಾಡಬಲ್ಲುದೆಂದು ನನ್ನ ಅಭಿಪ್ರಾಯ.

ಮೊದಲು ಲೆಕ್ಕವನ್ನು ನೋಡೋಣ. ಒಂದು ಕಿಲೋಗ್ರಾಂ ಮೈಕೊಬ್ಬಿನಲ್ಲಿ ಸುಮಾರು 7,700 ಕಿಲೊಕ್ಯಾಲೊರಿಗಳಷ್ಟು ಶಕ್ತಿ ಅಡಗಿದೆ. ಹೋಳಿಗೆಯೊಂದರಿಂದ 250 ಕಿಲೊಕ್ಯಾಲೊರಿ ದೊರೆಯಿತೆಂದು ಇಟ್ಟುಕೊಂಡು, ಅದೆಲ್ಲವೂ ಕೊಬ್ಬಾಗಿಯೇ ಕೂಡಿಕೊಂಡಿತೆಂದರೂ, ಏರುವ ತೂಕ 33 ಗ್ರಾಮನ್ನು ಮೀರದು. ಮರುದಿನ ಬೆಳಿಗ್ಗೆ ತೂಕದ ಯಂತ್ರವು ಒಂದು ಕಿಲೋ ಹೆಚ್ಚು ತೋರಿಸಿದರೆ ಅದು ಬಹುಮಟ್ಟಿಗೆ ನೀರು. ದೇಹವು ಕೂಡಿಡುವ ಪ್ರತಿ ಗ್ರಾಂ ಗ್ಲೈಕೊಜನ್ನಿನ ಜೊತೆಗೆ ಸುಮಾರು ಮೂರು ಗ್ರಾಂ ನೀರು ಸೇರಿರುತ್ತದೆ. ಉಪ್ಪು ಹೆಚ್ಚಾದರೂ ನೀರು ನಿಲ್ಲುತ್ತದೆ. ಪ್ರಯೋಗಶಾಲೆಯಲ್ಲಿ ಒಂದೇ ಅಳತೆಯನ್ನು ನಂಬಿ ತೀರ್ಮಾನ ಬರೆದ ವಿದ್ಯಾರ್ಥಿಗೆ ನಾವು ಅಂಕ ಕೊಡುವುದಿಲ್ಲ. ತೂಕದ ಯಂತ್ರದ ಮೇಲೆ ನಿಂತಾಗ ಮಾತ್ರ, ಒಂದೇ ಅಳತೆಯಿಂದ ನಮ್ಮ ಶೀಲವನ್ನೇ ನಿರ್ಣಯಿಸಿಕೊಳ್ಳುತ್ತೇವೆ!

ಇಂತಹ ನಿರ್ಣಯದ ಪರಿಣಾಮವೇನು? 1975ರಲ್ಲಿ ಹರ್ಮನ್ ಮತ್ತು ಮ್ಯಾಕ್ ಎಂಬ ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿನಿಯರಿಗೆ ಮಿಲ್ಕ್‌ಶೇಕ್ ಕುಡಿಸಿ, ಬಳಿಕ ರುಚಿ ಪರೀಕ್ಷಿಸುವ ನೆಪದಲ್ಲಿ ಐಸ್‌ಕ್ರೀಮ್ ಇತ್ತರು. ಪಥ್ಯದ ಗೊಡವೆಯಿಲ್ಲದವರು, ಹೊಟ್ಟೆ ತುಂಬಿದ್ದರಿಂದ, ಕಡಿಮೆ ತಿಂದರು. ಪಥ್ಯದವರು ಮಿಲ್ಕ್‌ಶೇಕ್ ಕುಡಿಯದ ತಮ್ಮಂಥವರಿಗಿಂತ ಹೆಚ್ಚು ತಿಂದರು. 'ಹೇಗೂ ವ್ರತ ಕೆಟ್ಟಿತು, ಇನ್ನೇನು' ಎಂಬ ಭಾವವೇ ಅವರಿಂದ ಹೀಗೆ ಮಾಡಿಸಿತೆಂದು ವಿವರಣೆ. ಮರುವರ್ಷ ಪೊಲಿವಿ ಎಂಬವರ ಪ್ರಯೋಗ ಇನ್ನೂ ಕುತೂಹಲಕರವಾದುದು: ತಿಂದ ಪದಾರ್ಥದಲ್ಲಿ ನಿಜವಾಗಿ ಎಷ್ಟು ಕ್ಯಾಲೊರಿಯಿತ್ತೆಂಬುದಕ್ಕಿಂತ, ಎಷ್ಟಿದೆಯೆಂದು ಅವರು ನಂಬಿದ್ದರೆಂಬುದೇ ಮುಂದಿನ ಊಟವನ್ನು ಹೆಚ್ಚಿಸಿತು.

ತನ್ನನ್ನು ತಾನು ಕ್ಷಮಿಸಿಕೊಂಡರೆ ಶಿಸ್ತು ಸಡಿಲವಾಗದೆ ಎಂದು ಕೆಲವರು ಕೇಳಬಹುದು. 2007ರಲ್ಲಿ ಆಡಮ್ಸ್ ಮತ್ತು ಲಿಯರಿ ಪ್ರಕಟಿಸಿದ ಪ್ರಯೋಗದಲ್ಲಿ, ಡೋನಟ್ ತಿಂದ ಕೆಲವರಿಗೆ "ಎಲ್ಲರೂ ಆಗಾಗ ಇಂಥದನ್ನು ತಿನ್ನುವವರೇ, ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ" ಎಂಬರ್ಥದ ಮಾತನ್ನು ಹೇಳಲಾಯಿತು. ಆ ಮಾತು ಕೇಳಿದ ಪಥ್ಯದವರು, ಕೇಳದವರಿಗಿಂತ ಕಡಿಮೆ ಮಿಠಾಯಿ ತಿಂದರು. ಇವು ಕಾಲೇಜು ವಿದ್ಯಾರ್ಥಿಗಳ ಮೇಲೆ ನಡೆದ ಅಲ್ಪಕಾಲದ ಪ್ರಯೋಗಗಳು. ವರ್ಷಗಟ್ಟಲೆ ತೂಕ ಇಳಿಯುವುದೆಂಬುದಕ್ಕೆ ಇವು ಸಾಕ್ಷಿಯಲ್ಲ. ಆದರೂ ಬೈಗುಳವೇ ಶಿಸ್ತೆಂಬ ನಂಬಿಕೆಯನ್ನು ಅಲುಗಿಸಲು ಸಾಕು.

ಆ ಬೈಗುಳವನ್ನು ನಾವು ಕಲಿತದ್ದಾದರೂ ಎಲ್ಲಿ? ನಮ್ಮ ಹಬ್ಬದ ಪಂಕ್ತಿಯಲ್ಲಿ "ಇನ್ನೊಂದು ಹಾಕಿಸಿಕೋ" ಎಂದು ಬಲವಂತ ಮಾಡುವವರೇ, ಕೈತೊಳೆದು ಬಂದ ಹುಡುಗಿಗೆ "ಎಷ್ಟು ದಪ್ಪಗಾಗಿದ್ದೀಯೆ!" ಎನ್ನುತ್ತಾರೆ. ಅವರು ಆ ಮಾತನ್ನು ಸಂಜೆಯೊಳಗೆ ಮರೆತಿರುತ್ತಾರೆ, ಅವಳು ಮರೆತಿರುವುದಿಲ್ಲ.