ಹಾಸಿಗೆ ಇದ್ದಷ್ಟು ಸೆಟ್ಟು

ಕಳೆದ ಯುಗಾದಿಗೆ ಸಾಗರಕ್ಕೆ ಹೋದಾಗ ಅಮ್ಮ 25 ಕೆಜಿ ಅಕ್ಕಿ ಮೂಟೆ ತರಿಸಿದ್ದಳು. ಇಲಿ ಕಾಟ ಜಾಸ್ತಿಯಾಗಿದೆ, ಅಟ್ಟಕ್ಕೆ ಏರಿಸಿಕೊಡು ಅಂದಳು. ಸ್ಟೂಲ್ ಹತ್ತಿ ಮೂಟೆಯನ್ನು ಎದೆಮಟ್ಟಕ್ಕೆ ತಂದೆ. ಅಲ್ಲಿಂದ ಮೇಲೆ ಹೋಗಲೇ ಇಲ್ಲ. ಬಲಭುಜ ಛಳಕ್ ಅಂದಿತು, ಕೈ ನಡುಗಿತು, ಮೂಟೆ ಮತ್ತೆ ನೆಲಕ್ಕೆ ಬಂತು. ಕೊನೆಗೆ ಅದನ್ನು ತಂದಿದ್ದ ಅಂಗಡಿ ಹುಡುಗನೇ ಎತ್ತಿಟ್ಟು ಹೋದ. ನನಗಿಂತ ಹತ್ತು ಕೆಜಿಯಾದರೂ ಕಡಿಮೆ ಇದ್ದ ಅವನು.

“ಎಂತ ಮಾರಾಯ ನಿಂದು? ವರ್ಷದಿಂದ ಜಿಮ್ಮು ಜಿಮ್ಮು ಅಂತೀಯ. ಒಂದು ಮೂಟೆ ಎತ್ತಕ್ಕಾಗಲ್ವಾ?”

ಉತ್ತರ ನನ್ನ ಹತ್ತಿರ ಇರಲಿಲ್ಲ. ಯಾಕಂದ್ರೆ ಜಿಮ್ಮಿಗೆ ಹೋಗುವುದರಲ್ಲಿ ನಾನು ಸೋಮಾರಿ ಆಗಿರಲಿಲ್ಲ. ವಾರಕ್ಕೆ ಆರು ದಿನ, ದಿನಕ್ಕೆ ಒಂದೂವರೆ ಗಂಟೆ. ಸೋಮವಾರ ಎದೆಗೆ ಆರು ವ್ಯಾಯಾಮ, ಒಂದೊಂದಕ್ಕೆ ನಾಲ್ಕು ಸೆಟ್, ಅಂದ್ರೆ 24. ಗುರುವಾರ ಭುಜದ ಜೊತೆ ಎದೆಗೆ ಇನ್ನೊಂದು 8. ವಾರಕ್ಕೆ ಒಟ್ಟು 32 ಸೆಟ್. ಹೀಗಿದ್ದೂ ಬೆಂಚ್ ಪ್ರೆಸ್ ನಾಲ್ಕು ತಿಂಗಳಿಂದ 60 ಕೆಜಿಗೆ ಆರು ರೆಪ್‌ನಲ್ಲೇ ನಿಂತಿತ್ತು. ನಿಂತಾಗೆಲ್ಲ ನಾನು ಮಾಡುತ್ತಿದ್ದದ್ದು ಒಂದೇ, ಇನ್ನೆರಡು ಸೆಟ್ ಸೇರಿಸುವುದು.

ಭುಜ ನೋಯುತ್ತಿದ್ದರಿಂದ ಆ ಸಲ ಹತ್ತು ದಿನ ಊರಲ್ಲೇ ಉಳಿದು ಮನೆಯಿಂದ ಕೆಲಸ ಮಾಡಿದೆ. ನಮ್ಮನೆಯಲ್ಲಿ ರಾತ್ರಿ ಹತ್ತಕ್ಕೆ ಲೈಟ್ ಆಫ್. ಬೇರೆ ದಾರಿಯಿಲ್ಲದೆ ಮಲಗಿದೆ. ಬೆಂಗಳೂರಿಗೆ ವಾಪಸ್ ಬಂದಾಗ ನೋವು ಹೋಗಿತ್ತು. ಹತ್ತು ದಿನ ಬಿಟ್ಟಿದ್ದೀನಲ್ಲ, ಇದ್ದದ್ದೂ ಕರಗಿರುತ್ತೆ ಅಂತ ಹೆದರಿಕೊಂಡೇ ಬೆಂಚಿನ ಮೇಲೆ ಮಲಗಿದೆ. ಅದೇ 60 ಕೆಜಿ, ಎಂಟು ರೆಪ್ ಆಯಿತು.

ಏನೂ ಮಾಡದೆ ಶಕ್ತಿ ಹೆಚ್ಚಾಗುತ್ತಾ? ಇಲ್ಲ. ಶಕ್ತಿ ಮೊದಲೇ ಇತ್ತು, ಅದರ ಮೇಲೆ ಸುಸ್ತು ಕೂತಿತ್ತು ಅಷ್ಟೆ. ಅದು ಗೊತ್ತಾದ ಮೇಲೆ ನಾನು ಸೆಟ್ ಎಣಿಸುವುದು ಬಿಟ್ಟು ಓದಲು ಶುರು ಮಾಡಿದೆ. ಈ ವಾರ ಅದನ್ನೇ ಹಂಚಿಕೊಳ್ಳುತ್ತಿದ್ದೇನೆ.

ಎರಡು ಪದ, ಒಂದೇ ಖಾತೆ

ಜಿಮ್ಮಿನಲ್ಲಿ ದಿನಾ ಕೇಳುವ ಎರಡು ಪದ: ವಾಲ್ಯೂಮ್ ಮತ್ತು ಇಂಟೆನ್ಸಿಟಿ. ವಾಲ್ಯೂಮ್ ಅಂದ್ರೆ ಎಷ್ಟು ಕೆಲಸ ಮಾಡಿದಿರಿ ಅನ್ನುವುದು. ಸುಲಭವಾಗಿ ಲೆಕ್ಕ ಇಡಬೇಕಂದ್ರೆ, ಒಂದು ಸ್ನಾಯುವಿಗೆ ವಾರಕ್ಕೆ ಎಷ್ಟು ಗಟ್ಟಿ ಸೆಟ್ ಅಂತ ಎಣಿಸಿದರೆ ಸಾಕು. ಇಂಟೆನ್ಸಿಟಿಗೆ ಎರಡು ಅರ್ಥ ಇದೆ, ಗೊಂದಲ ಶುರುವಾಗುವುದೇ ಅಲ್ಲಿ. ಒಂದು, ತೂಕ ಎಷ್ಟು ಭಾರ ಅನ್ನುವುದು. ನೀವು ಒಂದೇ ಸಲ ಎತ್ತಬಲ್ಲ ಗರಿಷ್ಠ ತೂಕದ ಶೇಕಡಾ ಎಷ್ಟು ಅಂತ ಅದನ್ನು ಅಳೆಯುತ್ತಾರೆ. ಇನ್ನೊಂದು, ಇನ್ನೊಂದು ರೆಪ್ ಕೂಡ ಆಗಲ್ಲ ಅನ್ನುವ ಹಂತಕ್ಕೆ ಎಷ್ಟು ಹತ್ತಿರ ಹೋಗಿ ಸೆಟ್ ನಿಲ್ಲಿಸುತ್ತೀರಿ ಅನ್ನುವುದು.

ವಾಲ್ಯೂಮ್ ಆಗಲಿ ಇಂಟೆನ್ಸಿಟಿ ಆಗಲಿ, ಖರ್ಚಾಗುವುದು ಒಂದೇ ಖಾತೆಯಿಂದ. ನಿಮ್ಮ ದೇಹ ಚೇತರಿಸಿಕೊಳ್ಳುವ ಸಾಮರ್ಥ್ಯವೇ ಆ ಖಾತೆ. ಒಂದು ಕಡೆ ಜಾಸ್ತಿ ಖರ್ಚು ಮಾಡಿದರೆ ಇನ್ನೊಂದು ಕಡೆ ಕೈ ಬಿಗಿ ಹಿಡಿಯಬೇಕು. ಎರಡೂ ಕಡೆ ಧಾರಾಳ ಮಾಡಿದರೆ ತಿಂಗಳ ಕೊನೆಗೆ ಏನಾಗುತ್ತೆ ಅಂತ ಸಂಬಳದ ಮೇಲೆ ಬದುಕುವ ನಮಗೆ ಹೇಳಿಕೊಡಬೇಕಾಗಿಲ್ಲ.

ಹತ್ತರಿಂದ ಮೂರಕ್ಕೆ ಇಳಿಸಿದ ಡಾಕ್ಟರ್

ಈ ಜಗಳ ಹಳೆಯದು. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಥಾಮಸ್ ಡಿಲಾರ್ಮ್ ಅನ್ನುವ ಅಮೆರಿಕದ ಸೇನಾ ವೈದ್ಯ ಗಾಯಗೊಂಡ ಸೈನಿಕರ ಸೊರಗಿದ ಕಾಲುಗಳಿಗೆ ಭಾರ ಎತ್ತಿಸಿ ಚಿಕಿತ್ಸೆ ಕೊಡಲು ಶುರು ಮಾಡಿದ. ಸ್ವಲ್ಪ ಸ್ವಲ್ಪವೇ ತೂಕ ಏರಿಸುತ್ತಾ ಹೋಗುವ ಪದ್ಧತಿಯನ್ನು ವೈದ್ಯಲೋಕ ಒಪ್ಪುವ ಹಾಗೆ ಮಾಡಿದವನು ಅವನು. 1945ರಲ್ಲಿ ಅವನು ಬರೆದ ಲೇಖನದಲ್ಲಿ ಒಂದು ವ್ಯಾಯಾಮಕ್ಕೆ 7ರಿಂದ 10 ಸೆಟ್, ಸೆಟ್ಟಿಗೆ 10 ರೆಪ್ ಅಂತಿತ್ತು. ಮೂರೇ ವರ್ಷದಲ್ಲಿ, 1948ಕ್ಕೆ, ಅವನೇ ಅದನ್ನು 3 ಸೆಟ್ಟಿಗೆ ಇಳಿಸಿದ. ಅದರಲ್ಲೂ ಮೊದಲಿನೆರಡು ಹಗುರ, ಮೂರನೆಯದು ಮಾತ್ರ ಪೂರ್ತಿ ಭಾರ. ಇವತ್ತಿಗೂ ಜಿಮ್ಮಿಗೆ ಸೇರಿದ ಮೊದಲ ದಿನ ಟ್ರೈನರ್ “ಮೂರು ಸೆಟ್ ಹತ್ತು ಹತ್ತು ಮಾಡಿ” ಅನ್ನುತ್ತಾರಲ್ಲ, ಅದರ ಬೇರು ಅಲ್ಲಿದೆ.

ಆಮೇಲೆ ಬಾಡಿಬಿಲ್ಡರ್‌ಗಳ ಕಾಲ. ಏಳು ಸಲ ಮಿಸ್ಟರ್ ಒಲಿಂಪಿಯಾ ಗೆದ್ದ ಅರ್ನಾಲ್ಡ್ ಶ್ವಾರ್ಜ್‌ನೆಗರ್ ವಾಲ್ಯೂಮ್ ಪಕ್ಷದವನು. ಸ್ಪರ್ಧೆಗೆ ಮೊದಲು ದಿನಕ್ಕೆ ಎರಡು ಹೊತ್ತು ಜಿಮ್ಮಿನಲ್ಲಿರುತ್ತಿದ್ದ. 1992ರಿಂದ 1997ರವರೆಗೆ ಸತತ ಆರು ಸಲ ಗೆದ್ದ ಡೋರಿಯನ್ ಯೇಟ್ಸ್ ತದ್ವಿರುದ್ಧ. ವಾರ್ಮಪ್ ಆದ ಮೇಲೆ ಒಂದು ವ್ಯಾಯಾಮಕ್ಕೆ ಪ್ರಾಣ ಹೋಗುವ ಹಾಗೆ ಒಂದೇ ಸೆಟ್. ಇಬ್ಬರೂ ಗೆದ್ದರು, ಹಾಗಾದರೆ ಯಾವುದು ಸರಿ? ಅವರನ್ನು ನಕಲು ಮಾಡುವ ಮೊದಲು ಎರಡು ಸಂಗತಿ ನೆನಪಿರಲಿ. ಇಬ್ಬರೂ ಸ್ಟೀರಾಯ್ಡ್ ತೆಗೆದುಕೊಂಡಿದ್ದನ್ನು ತಾವೇ ಒಪ್ಪಿಕೊಂಡಿದ್ದಾರೆ. ಮತ್ತೆ ಅಷ್ಟು ಭಾರದಲ್ಲಿ ಕೊನೆಯ ರೆಪ್‌ವರೆಗೂ ಹೋಗುತ್ತಿದ್ದ ಯೇಟ್ಸ್ ಒಂದು ಸಲ ಬೈಸೆಪ್ಸ್, ಇನ್ನೊಂದು ಸಲ ಟ್ರೈಸೆಪ್ಸ್ ಹರಿದುಕೊಂಡ.

ನಮ್ಮ ಗರಡಿಮನೆಗಳೂ ವಾಲ್ಯೂಮ್ ಪಕ್ಷದವೇ. ನೂರುಗಟ್ಟಲೆ ದಂಡ, ನೂರುಗಟ್ಟಲೆ ಬಸ್ಕಿ. ಆದರೆ ಪೈಲ್ವಾನರ ಬದುಕು ಪೂರ್ತಿ ಆ ಸಾಮಿನ ಸುತ್ತಲೇ ಇರುತ್ತಿತ್ತು. ಬೆಳಗ್ಗೆ ಸಾಮು, ಆಮೇಲೆ ಹಾಲು, ಬಾದಾಮಿ, ತುಪ್ಪ, ಎಣ್ಣೆ ತಿಕ್ಕುವುದು, ಮಧ್ಯಾಹ್ನದ ನಿದ್ದೆ. ನಮ್ಮದು ಹಾಗಲ್ಲವಲ್ಲ. ರಾತ್ರಿ ಹನ್ನೊಂದರವರೆಗೆ ಕ್ಲೈಂಟ್ ಕಾಲ್, ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಮುಕ್ಕಾಲು ಗಂಟೆ, ಮಧ್ಯಾಹ್ನದ ಊಟ ಸಂಜೆ ನಾಲ್ಕಕ್ಕೆ.

ಸಂಶೋಧನೆ ಹೇಳುವುದೇನು?

2017ರಲ್ಲಿ ಬ್ರಾಡ್ ಶೋನ್‌ಫೆಲ್ಡ್ ಮತ್ತು ಸಂಗಡಿಗರು ಅಲ್ಲಿಯವರೆಗಿನ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ಒಂದು ಸ್ನಾಯುವಿಗೆ ವಾರಕ್ಕೆ 5ಕ್ಕಿಂತ ಕಡಿಮೆ ಸೆಟ್ ಮಾಡಿದವರಿಗಿಂತ 10 ಅಥವಾ ಅದಕ್ಕಿಂತ ಹೆಚ್ಚು ಮಾಡಿದವರಲ್ಲಿ ಸ್ನಾಯು ಹೆಚ್ಚು ಬೆಳೆದಿತ್ತು. ಅಂದ್ರೆ ವಾಲ್ಯೂಮ್ ಬೇಕೇ ಬೇಕು. ಗಮನಿಸಿ, ಕಡಿಮೆ ಮಾಡಿದವರಿಗೂ ಬೆಳೆದಿತ್ತು. ಸೆಟ್ ಏರಿಸುತ್ತಾ ಹೋದ ಹಾಗೆ ಒಂದೊಂದು ಹೊಸ ಸೆಟ್ಟಿನಿಂದ ಸಿಗುವ ಲಾಭ ಕಡಿಮೆಯಾಗುತ್ತಾ ಹೋಗುತ್ತದೆ. ಸುಸ್ತು ಮಾತ್ರ ಕಡಿಮೆಯಾಗುವುದಿಲ್ಲ.

ತೂಕದ ಬಗ್ಗೆ ಇನ್ನೊಂದು ಅಚ್ಚರಿ ಇದೆ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹತ್ತು ವಾರ ಕಾಲಿನ ವ್ಯಾಯಾಮ ಮಾಡಿಸಿದರು. ಒಂದು ಗುಂಪಿಗೆ ಗರಿಷ್ಠದ ಶೇ. 80ರಷ್ಟು ಭಾರ, ಇನ್ನೊಂದಕ್ಕೆ ಬರೀ ಶೇ. 30. ಇಬ್ಬರೂ ಕಾಲು ಎತ್ತಲಾಗದ ತನಕ ಮಾಡಬೇಕು. ಕೊನೆಗೆ ನೋಡಿದರೆ ಮೂರು ಸೆಟ್ ಮಾಡಿದ ಎರಡೂ ಗುಂಪಿನಲ್ಲಿ ಸ್ನಾಯು ಹೆಚ್ಚುಕಮ್ಮಿ ಒಂದೇ ರೀತಿ ಬೆಳೆದಿತ್ತು. ಒಂದೇ ಸಲಕ್ಕೆ ಭಾರ ಎತ್ತುವ ಶಕ್ತಿ ಮಾತ್ರ ಭಾರಿ ತೂಕದವರಲ್ಲಿ ಹೆಚ್ಚಾಗಿತ್ತು. ಹಾಗಾಗಿ ಸ್ನಾಯು ಬೆಳೆಯಬೇಕಂದ್ರೆ ಪಕ್ಕದವನಷ್ಟೇ ಪ್ಲೇಟ್ ಹಾಕಬೇಕು ಅಂತೇನಿಲ್ಲ. ಸೆಟ್ಟಿನ ಕೊನೆ ಕಷ್ಟವಾಗಿರಬೇಕು, ಅಷ್ಟೆ.

ಈಗ ನನ್ನ 32 ಸೆಟ್ ತಪ್ಪಿದ್ದು ಎಲ್ಲಿ ಅಂತ ಗೊತ್ತಾಯಿತಲ್ಲ. 24 ಸೆಟ್ ಮುಗಿಸಲೇಬೇಕು ಅಂತ ಮೊದಲೇ ಗೊತ್ತಿದ್ದರೆ ಮನುಷ್ಯ ಯಾವ ಸೆಟ್ಟಿಗೂ ಜೀವ ಹಾಕುವುದಿಲ್ಲ. ಮೊದಲಿನ ಆರೇಳು ಸೆಟ್ ಗಟ್ಟಿ. ಉಳಿದದ್ದು ಮೊಬೈಲ್ ನೋಡುತ್ತಾ ಮುಗಿಸಿದ ಹಾಜರಿ. ಆ ಹಾಜರಿ ಸೆಟ್ಟುಗಳಿಂದ ಎದೆ ಬೆಳೆಯಲಿಲ್ಲ, ಭುಜ ಮಾತ್ರ ಸವೆಯಿತು.

ಆಫೀಸಿನಲ್ಲೂ ನಾನು ಮಾಡುತ್ತಿದ್ದದ್ದು ಇದನ್ನೇ. ಹಿಂದಿನ ವರ್ಷ ಅಪ್ರೈಸಲ್‌ನಲ್ಲಿ ಅಂದುಕೊಂಡ ರೇಟಿಂಗ್ ಬಂದಿರಲಿಲ್ಲ. ಅದಾದ ಮೇಲೆ ರಾತ್ರಿ ಹತ್ತರವರೆಗೆ ಕೂರುವುದು ಅಭ್ಯಾಸವಾಯಿತು, ಕೆಲಸ ಇರಲಿ ಬಿಡಲಿ. ಜಿಮ್ಮಿನಲ್ಲೂ ಬೆವರು ಸುರಿಯದೆ, ಮರುದಿನ ಮೈ ನೋಯದೆ ಹೋದರೆ ಮೋಸ ಮಾಡಿದ ಹಾಗೆ ಅನ್ನಿಸುತ್ತಿತ್ತು. ಸ್ನಾಯು ಬೆಳೆಸುವ ಹೆಸರಿನಲ್ಲಿ ನನಗೆ ನಾನೇ ಶಿಕ್ಷೆ ಕೊಟ್ಟುಕೊಳ್ಳುತ್ತಿದ್ದೆ. ಇದನ್ನು ಒಪ್ಪಿಕೊಳ್ಳಲು ಸೆಟ್ ಕಡಿಮೆ ಮಾಡುವುದಕ್ಕಿಂತ ಜಾಸ್ತಿ ಸಮಯ ಹಿಡಿಯಿತು.

ಈಗ ಹೇಗೆ ಮಾಡ್ತೀನಿ?

ವಾರಕ್ಕೆ ನಾಲ್ಕು ದಿನ. ಎದೆಗೆ ಸೋಮವಾರ 5 ಸೆಟ್, ಗುರುವಾರ 6 ಸೆಟ್. ಒಟ್ಟು 11. ಒಂದೇ ದಿನ ಎಲ್ಲ ತುರುಕುವುದಕ್ಕಿಂತ ಎರಡು ದಿನಕ್ಕೆ ಹಂಚಿದರೆ ಪ್ರತಿ ಸೆಟ್ಟಿಗೂ ಶಕ್ತಿ ಉಳಿದಿರುತ್ತದೆ. ಹೊಸದಾಗಿ ಸೇರಿದವರಿಗೆ ಇಷ್ಟೂ ಬೇಡ. ಸ್ನಾಯುವಿಗೆ ವಾರಕ್ಕೆ ಆರೆಂಟು ಗಟ್ಟಿ ಸೆಟ್ಟಿನಿಂದ ಶುರು ಮಾಡಿದರೂ ಚೆನ್ನಾಗಿಯೇ ಬೆಳೆಯುತ್ತೆ.

ಬೆಂಚ್, ಸ್ಕ್ವಾಟ್‌ನಂಥ ದೊಡ್ಡ ವ್ಯಾಯಾಮಗಳಲ್ಲಿ ಇನ್ನೆರಡು ರೆಪ್ ಆಗುತ್ತೆ ಅನ್ನುವಾಗಲೇ ನಿಲ್ಲಿಸುತ್ತೇನೆ. ಕೈ ಪೂರ್ತಿ ಸೋಲುವ ತನಕ ಹೋಗುವುದು ಕೇಬಲ್, ಮಷಿನ್‌ನಂಥವುಗಳಲ್ಲಿ ಮಾತ್ರ, ಅದೂ ಕೊನೆಯ ಸೆಟ್ಟಿನಲ್ಲಿ. ದೊಡ್ಡ ಸೆಟ್ಟುಗಳ ನಡುವೆ ಎರಡು ಮೂರು ನಿಮಿಷ ಸುಮ್ಮನೆ ಕೂರುತ್ತೇನೆ. ಮೊದಲು ಅದು ಟೈಮ್ ವೇಸ್ಟ್ ಅನ್ನಿಸುತ್ತಿತ್ತು.

ಎಲ್ಲಕ್ಕಿಂತ ಮುಖ್ಯವಾದ ನಿಯಮ: ತೂಕ ಮತ್ತು ಸೆಟ್ ಎರಡನ್ನೂ ಒಟ್ಟಿಗೆ ಏರಿಸುವುದಿಲ್ಲ. ಎಂಟು ರೆಪ್ ಸಲೀಸಾಗಿ ಬಂದರೆ ಮುಂದಿನ ವಾರ ಎರಡೂವರೆ ಕೆಜಿ ಸೇರಿಸುತ್ತೇನೆ, ಸೆಟ್ ಅಷ್ಟೇ ಇರುತ್ತದೆ. ಒಂದು ತಿಂಗಳಾದರೂ ತೂಕವೂ ಏರಲಿಲ್ಲ, ರೆಪ್ಪೂ ಏರಲಿಲ್ಲ, ನಿದ್ದೆ ಊಟ ಎಲ್ಲ ಸರಿಯಿದೆ ಅಂತಾದರೆ ಮಾತ್ರ ಒಂದೆರಡು ಸೆಟ್ ಹೆಚ್ಚು. ಏರದೇ ಇರುವುದರ ಜೊತೆ ಮೈಕೈ ನೋವು, ಬೇಸರ, ನಿದ್ದೆಗೇಡು ಇದ್ದರೆ ಸೆಟ್ ಕಡಿಮೆ. ಎರಡು ತಿಂಗಳಿಗೊಮ್ಮೆ ಒಂದು ವಾರ ಸೆಟ್ಟುಗಳನ್ನು ಅರ್ಧಕ್ಕೆ ಇಳಿಸುತ್ತೇನೆ. ರಿಲೀಸ್ ಇರುವ ವಾರಕ್ಕೇ ಅದನ್ನು ಹೊಂದಿಸಿಕೊಂಡರೆ ಕಂಪನಿಗೂ ಸಮಾಧಾನ, ಭುಜಕ್ಕೂ ಸಮಾಧಾನ.

ಇನ್ನು ಖಾತೆಗೆ ಜಮಾ ಆಗುವ ಕಡೆ. ದೇಹದ ತೂಕದ ಕೆಜಿಗೆ ದಿನಕ್ಕೆ ಸುಮಾರು 1.6 ಗ್ರಾಂ ಪ್ರೋಟೀನ್ ಸಾಕಾಗುತ್ತದೆ. 70 ಕೆಜಿಯವರಿಗೆ 110 ಗ್ರಾಂ ಆಸುಪಾಸು. ಒಂದು ಮೊಟ್ಟೆಯಲ್ಲಿ 6 ಗ್ರಾಂ, 50 ಗ್ರಾಂ ಸೋಯಾ ಚಂಕ್ಸ್‌ನಲ್ಲಿ 25 ಗ್ರಾಂ. ಬೇಳೆ, ಹುರುಳಿ, ಮೊಸರು, ಕೋಳಿ, ಮೀನು, ನಿಮ್ಮ ಮನೆಯಲ್ಲಿ ಏನು ನಡೆಯುತ್ತೋ ಅದು. ಮುದ್ದೆ ಸಾರು ತಿಂದು ಪ್ರೋಟೀನ್ ಆಯಿತು ಅಂದುಕೊಳ್ಳಬೇಡಿ, ಸಾರಿನಲ್ಲಿ ಕಾಳು ಎಷ್ಟಿದೆ ನೋಡಿ.

ಆಮೇಲೆ ನಿದ್ದೆ. ಆಸ್ಟ್ರೇಲಿಯಾದ ಸಂಶೋಧಕರು 2021ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನದಲ್ಲಿ 13 ಯುವಕ ಯುವತಿಯರನ್ನು ಒಂದು ರಾತ್ರಿ ಪೂರ್ತಿ ಎಚ್ಚರ ಇರಿಸಿದ್ದರು. ಮರುದಿನ ಸ್ನಾಯುವಿನಲ್ಲಿ ಪ್ರೋಟೀನ್ ಕಟ್ಟುವ ಕೆಲಸ ಶೇ. 18ರಷ್ಟು ಇಳಿದಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರಲ್ಲ, ಜಿಮ್ಮಿನ ವಿಷಯದಲ್ಲಿ ಆ ಗಾದೆಯನ್ನು ನಾನು ಅಕ್ಷರಶಃ ತೆಗೆದುಕೊಂಡಿದ್ದೇನೆ. ಐದೇ ಗಂಟೆ ಮಲಗಿದ ದಿನ ಪ್ರತಿ ವ್ಯಾಯಾಮದಲ್ಲೂ ಒಂದು ಸೆಟ್ ಕಟ್.

ಒಂದು ಎಚ್ಚರಿಕೆ. ಸ್ನಾಯು ನೋವು ಬೇರೆ, ಕೀಲಿನ ನೋವು ಬೇರೆ. ನನ್ನದು ವಿಶ್ರಾಂತಿಯಲ್ಲೇ ಹೋಯಿತು, ಅದು ಅದೃಷ್ಟ. ಭುಜ, ಮಂಡಿ, ಸೊಂಟದಲ್ಲಿ ಚುಚ್ಚುವ ನೋವು ಒಂದೆರಡು ವಾರವಾದರೂ ಇಳಿಯದಿದ್ದರೆ ಯೂಟ್ಯೂಬ್ ಮುಚ್ಚಿ ಫಿಸಿಯೋ ಹತ್ತಿರ ಹೋಗಿ.

ಏಳು ತಿಂಗಳಾಯಿತು. ಬೆಂಚ್ 70 ಕೆಜಿಗೆ ಏಳು ರೆಪ್ ಬಂದಿದೆ, ಎದೆ ಸುತ್ತಳತೆ ಒಂದಿಂಚು ಹೆಚ್ಚಾಗಿದೆ. ದೊಡ್ಡ ಸಾಧನೆಯೇನಲ್ಲ. ಆದರೆ ಮೊದಲಿನ ಮೂರನೇ ಒಂದು ಭಾಗ ಸೆಟ್ಟಿನಲ್ಲಿ ಬಂದದ್ದು.

ದೀಪಾವಳಿಗೆ ಊರಿಗೆ ಹೋಗಿದ್ದೆ. ಮತ್ತೆ ಅಕ್ಕಿ ಮೂಟೆ ಬಂದಿತ್ತು. ಸ್ಟೂಲ್ ಹತ್ತಿದೆ, ಎತ್ತಿದೆ, ಅಟ್ಟಕ್ಕೆ ತಳ್ಳಿದೆ. ಏನಾದರೂ ಹೇಳುತ್ತಾಳೇನೋ ಅಂತ ಅಮ್ಮನ ಮುಖ ನೋಡಿದೆ. ಅವಳು ನನ್ನನ್ನೇ ಒಂದು ಕ್ಷಣ ನೋಡಿ ಕೇಳಿದಳು:

“ಮುಖದಲ್ಲಿ ಸ್ವಲ್ಪ ಕಳೆ ಬಂದಿದೆ ಮಾರಾಯ. ಜಿಮ್ಮು ಬಿಟ್ಟೆಯೇನೋ?”