ಕುಂಬಳದ ಸತ್ವವೂ ಸಕ್ಕರೆ ಕಾಯಿಲೆಯೂ

ಸಕ್ಕರೆ ಕಾಯಿಲೆಯ ಮಾತಿಲ್ಲದ ಮನೆ ನಮ್ಮ ಕಾಸರಗೋಡಿನ ಕಡೆ ಈಗ ಅಪರೂಪ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯ ಪ್ರಕಾರ ದೇಶದ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಮಧುಮೇಹವಿದ್ದರೆ ಕೇರಳದಲ್ಲಿ ಆ ಪ್ರಮಾಣ 25.5, ಅಂದರೆ ನಾಲ್ವರಲ್ಲಿ ಒಬ್ಬರಿಗೆ. ರೋಗ ಇಷ್ಟು ಹಬ್ಬಿದಲ್ಲಿ ಮದ್ದಿನ ಮಾತೂ ಹಬ್ಬುವುದು ಸಹಜ. ಹಾಗಲಕಾಯಿ, ನೇರಳೆ ಬೀಜ, ಮೆಂತ್ಯಗಳ ಸರದಿ ಮುಗಿದು ಈಗ ಕುಂಬಳದ ಸರದಿ ಬಂದಂತಿದೆ. ಕುಂಬಳದ ಸತ್ವವು ರಕ್ತದ ಸಕ್ಕರೆಯನ್ನೂ ಕೊಲೆಸ್ಟರಾಲನ್ನೂ ಇಳಿಸುವುದೆಂದೂ ಮಾತ್ರೆಯ ಹಂಗು ಇನ್ನು ಬೇಡವೆಂದೂ ಮೊಬೈಲಿನಲ್ಲಿ ಸಂದೇಶಗಳು ಓಡಾಡುತ್ತಿವೆ.

ಕನ್ನಡ ಪಾಠ ಹೇಳುವವರಿಗೆ ಇದರಲ್ಲೇನು ಕೆಲಸವೆಂದು ಹೆತ್ತವರು ಕೇಳಬಹುದು. ಈ ಸಂದೇಶಗಳನ್ನು ಅಜ್ಜ ಅಜ್ಜಿಯರಿಗೆ ಓದಿ ಹೇಳುವವರು ನಮ್ಮ ವಿದ್ಯಾರ್ಥಿಗಳೇ. ಅವರಿಗೆ ಓದಲು ಕಲಿಸುವವರು ನಾವು. ಆದುದರಿಂದ ನಮಗೂ ಇದರಲ್ಲಿ ಪಾಲಿದೆ. ಕಳೆದ ಮಳೆಗಾಲದಲ್ಲಿ ನಮ್ಮ ವಿದ್ಯಾರ್ಥಿನಿಯೊಬ್ಬಳ ಅಜ್ಜಿ ಎರಡು ವಾರ ಮಾತ್ರೆ ಬಿಟ್ಟು ದಿನವೂ ಬರಿಹೊಟ್ಟೆಗೆ ಕುಂಬಳದ ರಸ ಕುಡಿದರು. ಕಾಲಿನ ಹುಣ್ಣು ಉಲ್ಬಣಿಸಿ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಸಂದೇಶವನ್ನು ಓದಿ ಹೇಳಿದವಳು ಮೊಮ್ಮಗಳು. ಮಗುವಿನ ತಪ್ಪೇನೂ ಇಲ್ಲ. ಅಚ್ಚಾದುದೆಲ್ಲ ನಿಜವೆಂದು ನಂಬುವ ವಯಸ್ಸು ಅದು.

ಮೊದಲ ಪ್ರಶ್ನೆ, ಯಾವ ಕುಂಬಳ? ‘ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ’ ಎಂಬ ಗಾದೆಯಲ್ಲಿರುವುದು ಬೂದುಗುಂಬಳ. ಹೆಗಲಿಗೆ ಬೂದಿ ಹತ್ತುವುದು ಅದರಿಂದಲೇ. ಸಂಶೋಧಕರು ಸತ್ವ ತೆಗೆದು ಪರೀಕ್ಷಿಸಿದ ‘ಪಂಪ್‌ಕಿನ್’ ಆದರೋ ಸಿಹಿಗುಂಬಳ, ನಮ್ಮ ಮನೆಗಳ ಚೀನಿಕಾಯಿ, ತುಳುವಿನ ಕೆಂಬುಡೆ. ಅದು ಅಮೆರಿಕ ಖಂಡದ ಬಳ್ಳಿ. ಕೊಲಂಬಸನ ಯಾನದ ತರುವಾಯವೇ ಹೊರಗಿನ ಜಗತ್ತು ಅದನ್ನು ಕಂಡದ್ದು. ಮೆಕ್ಸಿಕೋದ ಜನ ಸಕ್ಕರೆ ಕಾಯಿಲೆಗೆ ಮದ್ದೆಂದು ಬಳಸುವುದು ಮತ್ತೂ ಒಂದು ಜಾತಿ, ಅಂಜೂರದಂಥ ಎಲೆಯುಳ್ಳದ್ದು. ಮಲಯಾಳದಲ್ಲಿ ‘ಕುಂಬಳಂಗ’ ಎಂದರೆ ಬೂದುಗುಂಬಳ, ‘ಮತ್ತಂಗ’ ಎಂದರೆ ಚೀನಿಕಾಯಿ, ಅಲ್ಲಿ ಗೊಂದಲವಿಲ್ಲ. ಆದರೆ ಆ ಭಾಷೆಯ ಸಂದೇಶವನ್ನು ಯಾರೋ ಅವಸರದಲ್ಲಿ ಕನ್ನಡಿಸಿದಾಗ ಎರಡೂ ಕುಂಬಳವೇ ಆಗಿಬಿಡುತ್ತವೆ. ಎರಡು ಭಾಷೆಗಳ ನಡುವೆ ಬದುಕುವ ನಾವು ಈ ವಿಷಯದಲ್ಲಿ ಇತರರಿಗಿಂತ ಒಂದು ಪಟ್ಟು ಹೆಚ್ಚು ಎಚ್ಚರದಿಂದ ಇರಬೇಕಾಗಿದೆ.

ಇನ್ನು ಸಂಶೋಧನೆಯ ಮಾತು. ಅದು ಸುಳ್ಳಲ್ಲ. ಚೀನಾದಲ್ಲಿಯೂ ಜಪಾನಿನಲ್ಲಿಯೂ ಚೀನಿಕಾಯಿಯ ತಿರುಳಿನಿಂದ ಕೆಲವು ವಸ್ತುಗಳನ್ನು ಬೇರ್ಪಡಿಸಿ ಇಲಿಗಳಿಗೆ ಕೊಟ್ಟು ನೋಡಿದ್ದಾರೆ. ಇಲಿಗಳ ರಕ್ತದ ಸಕ್ಕರೆ ಇಳಿದಿದೆ. ಆ ವಸ್ತುಗಳಲ್ಲೊಂದಾದ ಟ್ರೈಗೊನೆಲಿನ್ ನಮ್ಮ ಮೆಂತ್ಯದಲ್ಲಿಯೂ ಇದೆ. ಆದರೆ ಇಂಥ ಅನೇಕ ಪ್ರಯೋಗಗಳಲ್ಲಿ ಇಲಿಗೆ ಕಾಯಿಲೆ ಬರಿಸುವ ರೀತಿಯೇ ಬೇರೆ. ಅಲೋಕ್ಸಾನ್ ಎಂಬ ವಿಷವನ್ನು ಚುಚ್ಚಿ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕಣಗಳನ್ನು ಕೆಲವೇ ದಿನಗಳಲ್ಲಿ ನಾಶಮಾಡುತ್ತಾರೆ. ನಮ್ಮ ಮಾವನಿಗೋ ಚಿಕ್ಕಮ್ಮನಿಗೋ ಹಲವು ವರ್ಷಗಳಲ್ಲಿ ಮೆಲ್ಲಮೆಲ್ಲನೆ ಬಂದ ಕಾಯಿಲೆ ಅದಲ್ಲ. ಮನುಷ್ಯರ ಮೇಲೆ ನಡೆದ ಪರೀಕ್ಷೆಗಳು ಕೆಲವೇ ಇವೆ, ಅವೂ ಸಣ್ಣವು.

ಸತ್ವವೆಂದರೆ ಕಾಯಿಯಲ್ಲ ಎಂಬುದನ್ನೂ ಗಮನಿಸಬೇಕು. ಹಸಿ ಚೀನಿಕಾಯಿಯ ನೂರು ಗ್ರಾಮಿನಲ್ಲಿ ಸುಮಾರು 92 ಗ್ರಾಂ ನೀರು. ಒಂದು ಕಿಲೋ ಒಣಗಿಸಿದರೆ ಉಳಿಯುವುದು 80 ಗ್ರಾಂ ಮಾತ್ರ; ಅದರಿಂದ ಬೇಕಾದ ಅಂಶವನ್ನಷ್ಟೇ ಸೆಳೆದರೆ ಇನ್ನೂ ಕಡಿಮೆ. ಮಿಕ್ಸಿಯಲ್ಲಿ ಅರೆದು ಸೋಸಿದ ರಸಕ್ಕೂ ಪ್ರಯೋಗಶಾಲೆಯ ಸತ್ವಕ್ಕೂ ಹೆಸರೊಂದೇ ಸಮಾನ.

ಕೊಲೆಸ್ಟರಾಲಿನ ವಿಷಯದಲ್ಲಿ ಲೆಕ್ಕ ಹಾಕಿ ನೋಡುವುದೇ ಒಳ್ಳೆಯದು. ಕುಂಬಳದ ಬೀಜದಲ್ಲಿರುವ ಸಸ್ಯ ಸ್ಟೆರಾಲುಗಳು ಕರುಳಿನಲ್ಲಿ ಕೊಲೆಸ್ಟರಾಲ್ ಹೀರಲ್ಪಡುವುದನ್ನು ತಡೆಯುತ್ತವೆ, ನಿಜ. ದಿನಕ್ಕೆ 2 ಗ್ರಾಂ ಸೇವಿಸಿದರೆ ಕೆಟ್ಟ ಕೊಲೆಸ್ಟರಾಲು ನೂರಕ್ಕೆ ಎಂಟು ಹತ್ತರಷ್ಟು ಇಳಿಯುತ್ತದೆ. ಆದರೆ ನೂರು ಗ್ರಾಂ ಬೀಜದಲ್ಲಿರುವುದು ಸುಮಾರು 265 ಮಿಲಿಗ್ರಾಂ. ಎರಡು ಗ್ರಾಂ ದೊರೆಯಲು ದಿನಕ್ಕೆ ಮುಕ್ಕಾಲು ಕಿಲೋ ಬೀಜ ತಿನ್ನಬೇಕು! ಅದರಿಂದ ಮೈಗೆ ಸೇರುವ ಕ್ಯಾಲೊರಿ ನಾಲ್ಕು ಸಾವಿರಕ್ಕೂ ಮಿಕ್ಕಿ. ಗಣಿತದ ಅಧ್ಯಾಪಕರು ಈ ಲೆಕ್ಕವನ್ನು ತರಗತಿಯಲ್ಲಿ ಕೊಟ್ಟರೆ ನಮ್ಮ ಆಕ್ಷೇಪವಿಲ್ಲ.

ಗಿಡಮೂಲಿಕೆಯಿಂದ ಮದ್ದಾಗದು ಎಂದು ನಾವು ಹೇಳುತ್ತಿಲ್ಲ. ಇಂದು ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆಯ ಮೂಲ ಕಥೆ ಯೂರೋಪಿನ ಗಲೀಗ ಎಂಬ ಗಿಡಕ್ಕೆ ಹೋಗಿ ಮುಟ್ಟುತ್ತದೆ. ಆ ಗಿಡ ಮೇದರೆ ಕುರಿಗಳು ಸಾಯುತ್ತವೆ. ಅದರಲ್ಲಿದ್ದ ವಸ್ತುವಿನ ಜಾಡು ಹಿಡಿದು, 1922ರಲ್ಲಿ ತಯಾರಾದ ರಾಸಾಯನಿಕವೊಂದನ್ನು ಫ್ರಾನ್ಸಿನ ವೈದ್ಯ ಜೀನ್ ಸ್ಟರ್ನ್ ರೋಗಿಗಳಿಗೆ ಕೊಟ್ಟು ಫಲಿತಾಂಶ ಪ್ರಕಟಿಸಿದ್ದು 1957ರಲ್ಲಿ. ಕುಂಬಳ ಇನ್ನೂ ಆ ದಾರಿಯ ಆರಂಭದಲ್ಲಿದೆ.

‘ತರಕಾರಿ ತಾನೆ, ಕುಡಿದರೆ ನಷ್ಟವೇನು’ ಎನ್ನುವವರಿದ್ದಾರೆ. 2010ರಲ್ಲಿ ದಿಲ್ಲಿಯ ವಿಜ್ಞಾನಿಯೊಬ್ಬರು ಸೋರೆಕಾಯಿಯ ಕಹಿ ರಸ ಕುಡಿದು ತೀರಿಕೊಂಡರು. ಸೋರೆ, ಸೌತೆ, ಕುಂಬಳಗಳೆಲ್ಲ ಒಂದೇ ಕುಲ. ಆ ಕುಲದ ಕಾಯಿ ಕೆಲವೊಮ್ಮೆ ಕಹಿಯಾಗುವುದಕ್ಕೆ ಕಾರಣ ಒಂದು ವಿಷವಸ್ತು. ಕಹಿಯೆನಿಸಿದರೆ ಉಗುಳಿಬಿಡಬೇಕು. ಕಹಿಯಾದಷ್ಟೂ ಮದ್ದು ಒಳ್ಳೆಯದೆಂಬ ನಮ್ಮವರ ನಂಬಿಕೆ ಇಲ್ಲಿ ಪ್ರಾಣಕ್ಕೇ ಬರುತ್ತದೆ.

ಹಾಗೆಂದು ಚೀನಿಕಾಯಿಯನ್ನು ಅಂಗಳದಿಂದ ಕೀಳಬೇಕಾಗಿಲ್ಲ. ಕಡಲೆ ಹಾಕಿದ ಬೆಂದಿಯಾಗಲಿ, ಓಣಂ ದಿನದ ಎರಿಶ್ಶೇರಿಯಾಗಲಿ, ಬೆಲ್ಲ ಹಾಕದೆ ಮಾಡಿದ ಪಲ್ಯವಾಗಲಿ ಊಟಕ್ಕೆ ಲೇಸೇ. ನೂರು ಗ್ರಾಂ ಅನ್ನದಲ್ಲಿ ಸುಮಾರು 28 ಗ್ರಾಂ ಪಿಷ್ಟವಿದ್ದರೆ ಅಷ್ಟೇ ಚೀನಿಕಾಯಿಯಲ್ಲಿ ಆರೂವರೆ ಗ್ರಾಂ. ಎಲೆಯಲ್ಲಿ ಅನ್ನ ಕಡಿಮೆಯಾಗಿ ಪಲ್ಯ ಹೆಚ್ಚಿದರೆ ಲಾಭವುಂಟು. ಮಾತ್ರೆ ಮಾತ್ರ ವೈದ್ಯರನ್ನು ಕೇಳದೆ ನಿಲ್ಲಬಾರದು.

ಮಧುಮೇಹವನ್ನು ಗುಣಪಡಿಸುತ್ತೇವೆಂದು ಜಾಹೀರಾತು ಕೊಡುವುದನ್ನು 1954ರ ಕಾನೂನೇ ನಿಷೇಧಿಸಿದೆ. ಮೊಬೈಲಿಗೆ ಅದು ತಿಳಿಯದು. ಆದ್ದರಿಂದ ಬರುವ ವರ್ಷ ಹತ್ತನೆಯ ತರಗತಿಯಲ್ಲಿ ಇಂಥ ಸಂದೇಶವೊಂದನ್ನು ಗದ್ಯಪಾಠದಂತೆ ಎದುರಿಗಿಟ್ಟು ಓದಿಸಬೇಕೆಂದಿದ್ದೇವೆ: ಯಾವ ಕಾಯಿ, ಯಾರ ಮೇಲೆ ಪರೀಕ್ಷೆ, ಎಷ್ಟು ಪ್ರಮಾಣ, ಮಾರುವವರು ಯಾರು? ಹೆತ್ತವರು ತಮಗೆ ಬಂದ ಸಂದೇಶಗಳನ್ನು ಮಕ್ಕಳ ಕೈಯಲ್ಲಿ ಬರೆಯಿಸಿ ಕಳುಹಿಸಿಕೊಟ್ಟರೆ ಉಪಕಾರವಾಗುವುದು.