ಕೆರೆಯ ರಾತ್ರಿಯೂ ಲೆಕ್ಕಕ್ಕೆ ಬರಲಿ

ಸ್ಮಾರ್ಟ್ ಸಿಟಿ ಯೋಜನೆಯಲ್ಲಿ ಮಂಗಳೂರಿನ ಗುಜ್ಜರಕೆರೆ, ಕಾವೂರು ಕೆರೆಗಳು ಹೊಸ ರೂಪ ಪಡೆದಿವೆ. ದಂಡೆ ಚೆಂದವಾಯಿತು, ಸರಿ; ನೀರೊಳಗಿನ ಜೀವಜಾಲದ ಪ್ರಶ್ನೆ ಹಿಂದೆಯೇ ಉಳಿದಿದೆ. ಗುಜ್ಜರಕೆರೆಗೆ ಕೊಳಚೆ ಸೇರುವ ದೂರಂತೂ ಹಳೆಯದು. ಪಾಚಿ ಮೇಯ್ದು, ಮೀನುಮರಿಗಳಿಗೆ ಆಹಾರವಾಗುವ ಸೂಕ್ಷ್ಮ ಪ್ರಾಣಿಪ್ಲವಕಗಳಲ್ಲಿ ಹಲವು ಹಗಲು ಮೀನಿನ ಕಣ್ಣು ತಪ್ಪಿಸಿ ಆಳಕ್ಕಿಳಿಯುತ್ತವೆ, ಕತ್ತಲಾದ ಮೇಲೆ ಮೇಲೇರುತ್ತವೆ. ಆಳ ಕಡಿಮೆಯಿದ್ದಲ್ಲಿ ದಂಡೆಯ ಜಲಸಸ್ಯಗಳ ಮರೆ ಹಿಡಿಯುವುದೂ ಉಂಟು. ಕಲ್ಲು ಕಟ್ಟಿದ ದಂಡೆಯಲ್ಲಿ ಆ ಮರೆ ಎಲ್ಲಿ? ಈ ಜೀವಿಗಳು ಹಗಲು ಅಡಗಿರುವುದರಿಂದ ನಡುಹಗಲು ಮೇಲ್ಪದರದಿಂದ ಮೊಗೆದ ಒಂದು ಬಾಟಲಿ ನೀರು ಕೆರೆಯ ಅರ್ಧ ಸಂಗತಿಯನ್ನಷ್ಟೇ ಹೇಳೀತು.

ದಂಡೆಯ ದೀಪಾಲಂಕಾರವೂ ನಿರಪಾಯವಲ್ಲ. ಬಾಸ್ಟನ್ ಬಳಿಯ ವಾಬನ್ ಸರೋವರದಲ್ಲಿ ನಡೆದ, 2000ದಲ್ಲಿ ಪ್ರಕಟವಾದ ಅಧ್ಯಯನವು ನಗರದ ಬೆಳಕು ಡಾಫ್ನಿಯಾ ಎಂಬ ನೀರುಚಿಗಟದ ರಾತ್ರಿ ಏರಿಕೆಯನ್ನು ತಗ್ಗಿಸುವುದನ್ನು ತೋರಿಸಿತ್ತು. ಮೇಯುವ ಜೀವಿ ಮೇಲೆ ಬಾರದಿದ್ದರೆ ಪಾಚಿಗೆ ಸುಗ್ಗಿ. ಮಹಾನಗರ ಪಾಲಿಕೆಯು ಮೀನುಗಾರಿಕಾ ಕಾಲೇಜು, ಮಂಗಳೂರು ವಿಶ್ವವಿದ್ಯಾನಿಲಯಗಳ ನೆರವು ಪಡೆದು ಹಗಲು, ರಾತ್ರಿ ಎರಡೂ ಹೊತ್ತು, ಬೇರೆ ಬೇರೆ ಆಳದಲ್ಲಿ ಮಾದರಿ ತೆಗೆಸಬೇಕು. ಆ ವರದಿ ಬರುವವರೆಗೆ ನೀರಿನತ್ತ ಮುಖಮಾಡಿದ ಒಂದು ದೀಪವನ್ನೂ ಹೊಸದಾಗಿ ಹಾಕಬಾರದು.